ಮೂರು ವರಗಳಲ್ಲಿ ಎರಡು: ಧ್ವನಿವರ್ಧಕದ ಒಂದು ಹಳೆಯ ಜಗಳ



ಕಳೆದ ತಿಂಗಳು ನನ್ನ ಇಬ್ಬರು ಹಳೆಯ ವಿದ್ಯಾರ್ಥಿಗಳು ಮನೆಗೆ ಬಂದಿದ್ದರು. ಒಂದೇ ಬೆಂಚಿನಲ್ಲಿ ಕುಳಿತು ಓದಿದ ಈ ಇಬ್ಬರಿಗೂ ಈಗ ಒಂದೇ ಹುಚ್ಚು. ಸ್ವಂತ ಕೈಯಿಂದ ಸ್ಪೀಕರ್ ಕಟ್ಟುವುದು. ಒಬ್ಬ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗಗಳನ್ನು ಆರಿಸಿ ತಂದು, ಬಡಗಿಯಿಂದ ಪ್ಲೈವುಡ್ ಕೊಯ್ಯಿಸಿ, ಪುಸ್ತಕದ ಕಪಾಟಿನಲ್ಲಿ ಕೂರುವಂತಹ ಮುಚ್ಚಿದ ಪೆಟ್ಟಿಗೆಯನ್ನು ಮಾಡಿಕೊಂಡಿದ್ದಾನೆ. ಇನ್ನೊಬ್ಬ ಬಾಗಿಲು ಮುಚ್ಚಿದ ಚಿತ್ರಮಂದಿರವೊಂದರಿಂದ ಕಹಳೆಯಾಕಾರದ ಹಳೆಯ ಸ್ಪೀಕರುಗಳನ್ನು ತಂದು ಮನೆಯ ಪಡಸಾಲೆಯನ್ನೇ ತುಂಬಿಸಿದ್ದಾನೆ. ಇಬ್ಬರ ವಾದ ಕಾಫಿ ಆರಿಹೋದರೂ ಮುಗಿಯಲಿಲ್ಲ. "ಸಾರ್, ನಮಗೆ ಭೌತಶಾಸ್ತ್ರ ಕಲಿಸಿದವರು ನೀವು. ಯಾವುದು ಸರಿ ಅಂತ ನೀವೇ ಹೇಳಿಬಿಡಿ" ಎಂದರು. ನಾನು ನಕ್ಕು, "ಬರೆದು ತಿಳಿಸುತ್ತೇನೆ" ಎಂದೆ. ಏಕೆಂದರೆ ಈ ಜಗಳ ಅವರಿಬ್ಬರದಲ್ಲ. ಎಪ್ಪತ್ತು ವರ್ಷಕ್ಕೂ ಹಿಂದೆ ಅಮೆರಿಕದಲ್ಲಿ ಇಬ್ಬರು ಸಮರ್ಥರು ಇದನ್ನೇ ಆಡಿದ್ದಾರೆ. ಅವರ ವಾದದ ಕಥೆ ತಿಳಿದರೆ ತೀರ್ಪಿನ ಪ್ರಶ್ನೆಯೇ ಬೇರೆ ರೂಪ ತಾಳುತ್ತದೆ.

ಮೊದಲು ಧ್ವನಿವರ್ಧಕದ ಹುಟ್ಟನ್ನು ನೆನೆಯೋಣ. ಡೆನ್ಮಾರ್ಕ್‌ನಿಂದ ಅಮೆರಿಕಕ್ಕೆ ಬಂದ ಪೀಟರ್ ಜೆನ್ಸನ್ ಮತ್ತು ಅವನ ಜೊತೆಗಾರ ಎಡ್ವಿನ್ ಪ್ರಿಡ್ಹ್ಯಾಮ್ ಕ್ಯಾಲಿಫೋರ್ನಿಯಾದಲ್ಲಿ ತಂತಿಯ ಸುರುಳಿಯೊಂದನ್ನು ಅಯಸ್ಕಾಂತದ ನಡುವೆ ಇಟ್ಟು, ಅದರ ಕಂಪನವನ್ನು ಲೋಹದ ಕಹಳೆಯ ಮೂಲಕ ಹೊರಡಿಸಿದರು. 1915ರ ಕ್ರಿಸ್ಮಸ್ ವೇಳೆಗೆ ಸ್ಯಾನ್ ಫ್ರಾನ್ಸಿಸ್ಕೋದ ಬಯಲು ಜನಸಂದಣಿಗೆ ಅದು ಸಂಗೀತ ಕೇಳಿಸಿತು. 1919ರಲ್ಲಿ ಅಧ್ಯಕ್ಷ ವುಡ್ರೊ ವಿಲ್ಸನ್ ಸ್ಯಾನ್ ಡಿಯೇಗೊ ನಗರದಲ್ಲಿ ಸಾವಿರಾರು ಜನರಿಗೆ ಭಾಷಣ ಮಾಡಿದ್ದೂ ಇವರ ಯಂತ್ರದ ಮೂಲಕವೇ. ಅವರು ಅದಕ್ಕಿಟ್ಟ ಹೆಸರು ಮ್ಯಾಗ್ನಾವಾಕ್ಸ್. ಲ್ಯಾಟಿನ್ ಭಾಷೆಯಲ್ಲಿ 'ಮಹಾಧ್ವನಿ' ಎಂದರ್ಥ. ಆಮೇಲೆ 1925ರಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬ ಇಂಜಿನಿಯರುಗಳು ಕಹಳೆಯೇ ಇಲ್ಲದ ಸ್ಪೀಕರಿನ ಪ್ರಬಂಧ ಪ್ರಕಟಿಸಿದರು. ಕಾಗದದ ಶಂಕು, ಅದರ ತುದಿಗೆ ತಂತಿಯ ಸುರುಳಿ, ಸುತ್ತ ಅಯಸ್ಕಾಂತ. ಇಂದು ನಿಮ್ಮ ಮನೆಯ ಟೀವಿಯಲ್ಲಿ, ಕಾರಿನಲ್ಲಿ ಇರುವುದು ಬಹುಮಟ್ಟಿಗೆ ಅದೇ.

ಹೀಗೆ ಎರಡು ವಂಶಗಳು ಹುಟ್ಟಿದವು. ಒಂದು ಕಹಳೆಯ ವಂಶ, ಇನ್ನೊಂದು ಪೆಟ್ಟಿಗೆಯ ವಂಶ. ಇವೆರಡರ ಜಗಳ ತಿಳಿಯಬೇಕಾದರೆ ಎಂಟು, ಒಂಬತ್ತನೆಯ ತರಗತಿಯಲ್ಲಿ ಕಲಿತ ಶಬ್ದದ ಪಾಠವನ್ನು ತುಸು ನೆನಪಿಸಿಕೊಳ್ಳಬೇಕು.

ಕಾಗದದ ಶಂಕು ಮುಂದಕ್ಕೆ ಚಲಿಸಿದಾಗ ಮುಂದಿನ ಗಾಳಿ ಒತ್ತಿಕೊಳ್ಳುತ್ತದೆ; ಅದೇ ಕ್ಷಣದಲ್ಲಿ ಹಿಂದಿನ ಗಾಳಿ ವಿರಳವಾಗುತ್ತದೆ. ಬರಿಯ ಶಂಕುವನ್ನು ಮೇಜಿನ ಮೇಲಿಟ್ಟು ನುಡಿಸಿದರೆ ಮುಂದಿನ ಗಾಳಿ ಅಂಚನ್ನು ಸುತ್ತಿಕೊಂಡು ಹಿಂದಕ್ಕೆ ಹೋಗಿ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ತಾರಸ್ಥಾಯಿಯ ಸ್ವರಗಳಿಗೆ ಇದು ತಟ್ಟುವುದು ಕಡಿಮೆ. ಅವುಗಳ ತರಂಗದೂರ ಚಿಕ್ಕದು. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್ ಎಂದಿಟ್ಟುಕೊಂಡರೆ 10,000 ಹರ್ಟ್ಸ್ ಸ್ವರದ ತರಂಗದೂರ 3.4 ಸೆಂಟಿಮೀಟರ್ ಮಾತ್ರ. ಆದರೆ 40 ಹರ್ಟ್ಸ್‌ನ ಮಂದ್ರ ಸ್ವರದ ತರಂಗದೂರ ಎಂಟೂವರೆ ಮೀಟರ್! ಅಷ್ಟು ನಿಧಾನದ ಚಲನೆಯಲ್ಲಿ ಗಾಳಿಗೆ ಸುತ್ತಿ ಹೋಗಲು ಬೇಕಾದಷ್ಟು ಕಾಲಾವಕಾಶವಿರುತ್ತದೆ. ಆದ್ದರಿಂದಲೇ ಪೆಟ್ಟಿಗೆ. ಪೆಟ್ಟಿಗೆಯೆಂಬುದು ಅಲಂಕಾರಕ್ಕಲ್ಲ, ಹಿಂದಿನ ಗಾಳಿ ಮುಂದಿನ ಗಾಳಿಯನ್ನು ಸೇರದಂತೆ ಕಟ್ಟಿದ ಗೋಡೆ ಅದು.

ಕಹಳೆಯ ಕೆಲಸ ಬೇರೆ. ಶಂಕು ಭಾರ, ಗಾಳಿ ಹಗುರ. ಭಾರವಾದದ್ದು ಹಗುರವಾದದ್ದನ್ನು ತಳ್ಳಹೋದರೆ ಶಕ್ತಿ ವ್ಯರ್ಥ. ಬರಿಗೈಯಿಂದ ಗಾಳಿಯನ್ನು ಗುದ್ದಿದಂತೆ. ಕಿರಿದಾಗಿ ಆರಂಭವಾಗಿ ಕ್ರಮೇಣ ಅಗಲವಾಗುವ ಕಹಳೆ ಗಂಟಲಲ್ಲಿ ಗಾಳಿಗೆ ಹಿಡಿತ ಕೊಟ್ಟು, ಶಕ್ತಿಯನ್ನು ಸ್ವಲ್ಪಸ್ವಲ್ಪವಾಗಿ ಹೊರಗಿನ ಬಯಲಿಗೆ ದಾಟಿಸುತ್ತದೆ. ನಮ್ಮ ಕೊಂಬು ಕಹಳೆ ಊದುವವರಿಗೆ, ನಾಗಸ್ವರದವರಿಗೆ ಇದು ಸಮೀಕರಣವಿಲ್ಲದೆಯೇ ಗೊತ್ತಿತ್ತು. ಸಾಮಾನ್ಯ ಪೆಟ್ಟಿಗೆಯ ಸ್ಪೀಕರ್ ತನಗೆ ಕೊಟ್ಟ ವಿದ್ಯುಚ್ಛಕ್ತಿಯಲ್ಲಿ ಶೇಕಡಾ ಒಂದರ ಆಸುಪಾಸನ್ನಷ್ಟೇ ಶಬ್ದವಾಗಿಸುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ ಎಂದರೆ ನಿಮಗೆ ಆಶ್ಚರ್ಯವಾದೀತು. ಒಳ್ಳೆಯ ಕಹಳೆಯಾದರೆ ಶೇಕಡಾ ಹತ್ತನ್ನೂ ಮೀರುತ್ತದೆ.

1926ರ ಸುಮಾರಿಗೆ ಚಲನಚಿತ್ರಕ್ಕೆ ಮಾತು ಬಂದಾಗ ಆಂಪ್ಲಿಫೈಯರುಗಳಿಂದ ಸಿಗುತ್ತಿದ್ದುದು ಕೆಲವೇ ವ್ಯಾಟ್. ಅಷ್ಟರಲ್ಲಿ ಸಾವಿರ ಜನ ಕುಳಿತ ಸಭಾಂಗಣ ತುಂಬಬೇಕು. ಹಾಗಾಗಿ ತೆರೆಯ ಹಿಂದೆ ಕಹಳೆಯೇ ನಿಂತಿತು. ನಾನು ಬಾಲ್ಯದಲ್ಲಿ ಕಂಡ ಟೂರಿಂಗ್ ಟಾಕೀಸಿನ ಕಥೆಯೂ ಅದೇ. ಸಂಜೆ ಆಟ ಶುರುವಾಗುವ ಮುನ್ನ ಡೇರೆಯ ಕಂಬಕ್ಕೆ ಕಟ್ಟಿದ ಕಹಳೆಗಳಿಂದ ಹೊರಟ ಹಾಡು ಗದ್ದೆ ಬಯಲುಗಳನ್ನು ದಾಟಿ ಪಕ್ಕದ ಊರಿಗೆ ಕೇಳಿಸುತ್ತಿತ್ತು. ಆದರೆ ಆ ಹಾಡಿನಲ್ಲಿ ಮೃದಂಗದ ಎಡಭಾಗದ ನಾದ ಎಂದೂ ಕೇಳಿಸಿದ್ದಿಲ್ಲ, ಗಾಯಕರೆಲ್ಲರಿಗೂ ನೆಗಡಿಯಾದಂತಿರುತ್ತಿತ್ತು. ಅಷ್ಟು ಗಿಡ್ಡ ಕಹಳೆಯಿಂದ ಮಂದ್ರ ಹೊರಡುವುದಿಲ್ಲ. 40 ಹರ್ಟ್ಸ್ ಸ್ವರ ಚೆನ್ನಾಗಿ ಹೊರಡಬೇಕಾದರೆ ಕಹಳೆಯ ಬಾಯಿಯ ಸುತ್ತಳತೆ ಹೆಚ್ಚುಕಡಿಮೆ ಒಂದು ತರಂಗದೂರದಷ್ಟಿರಬೇಕು. ಲೆಕ್ಕ ಹಾಕಿ ನೋಡಿ: ಎಂಟೂವರೆ ಮೀಟರ್ ಸುತ್ತಳತೆ ಎಂದರೆ ಸುಮಾರು 2.7 ಮೀಟರ್ ವ್ಯಾಸ. ಅಂತಹ ಬಾಯಿಯನ್ನು ಮನೆಯೊಳಗೆ ತಂದರೆ ಮನೆಯವರು ಹೊರಗೆ ಮಲಗಬೇಕು.

ಇಲ್ಲಿ ನಮ್ಮ ಕಥೆಯ ಮೊದಲ ನಾಯಕ ಬರುತ್ತಾನೆ. ಪಾಲ್ ಕ್ಲಿಪ್ಷ್, ಹುಟ್ಟಿದ್ದು 1904ರಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಅರ್ಕನ್ಸಾ ರಾಜ್ಯದ ಹೋಪ್ ಎಂಬ ಸಣ್ಣ ಊರಿನ ಬಳಿ ಸೈನ್ಯದ ಮದ್ದುಗುಂಡು ಪರೀಕ್ಷಾ ಕ್ಷೇತ್ರದಲ್ಲಿ ಅಧಿಕಾರಿಯಾಗಿದ್ದವನು. ಅವನಿಗೆ ಹೊಳೆದ ಉಪಾಯ ಬಹು ಸರಳ. ಕೋಣೆಯ ಮೂಲೆಯಲ್ಲಿ ಎರಡು ಗೋಡೆಗಳು ಮತ್ತು ನೆಲ ಸೇರುತ್ತವೆಯಷ್ಟೆ. ಅಲ್ಲಿ ನಿಂತ ಶಬ್ದ ಹರಡಬೇಕಾದ ಆಕಾಶ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾದರೆ ಕಹಳೆಯ ಬಾಯಿಯ ವಿಸ್ತೀರ್ಣವೂ ಎಂಟನೇ ಒಂದು ಭಾಗವಿದ್ದರೆ ಸಾಕು. ಉದ್ದದ ಕಹಳೆಯನ್ನು ಮರದ ಪೆಟ್ಟಿಗೆಯೊಳಗೆ ಮಡಿಚಿ, ಮೂಲೆಯ ಗೋಡೆಗಳನ್ನೇ ಅದರ ಕೊನೆಯ ಭಾಗವನ್ನಾಗಿ ಬಳಸಿಕೊಂಡ. 1940ರ ದಶಕದ ಮೊದಲರ್ಧದಲ್ಲಿ ಪೇಟೆಂಟ್ ಪಡೆದು, 1946ರಲ್ಲಿ ಹೋಪ್ ಊರಿನಲ್ಲೇ ಕಂಪನಿ ತೆರೆದ. ಆ 'ಕ್ಲಿಪ್ಷ್‌ಹಾರ್ನ್' ನಾಲ್ಕಡಿಗೂ ಮಿಕ್ಕಿದ ಎತ್ತರ, ಎರಡೂವರೆ ಅಡಿ ಅಗಲದ ಭಾರಿ ಬೀರು. ಅಷ್ಟಾದರೂ ಕೆಲವೇ ವ್ಯಾಟ್ ಕೊಟ್ಟರೆ ಕೋಣೆಯಲ್ಲಿ ವಾದ್ಯಮೇಳವೇ ಬಂದು ಕುಳಿತಂತೆ ಗುಡುಗುತ್ತಿತ್ತು. ಕೆಲವು ತಿದ್ದುಪಡಿಗಳೊಂದಿಗೆ ಅದು ಇಂದಿಗೂ ತಯಾರಾಗುತ್ತಿದೆ.

ಕ್ಲಿಪ್ಷ್ ನೇರ ಮಾತಿನ ಮನುಷ್ಯ. ಯಾರಾದರೂ ಅತಿಶಯದ ಮಾತಾಡಿದರೆ ಕೋಟಿನ ಮಡಿಕೆಯನ್ನು ಮೆಲ್ಲಗೆ ತಿರುವಿ, ಅದರಡಿ ಚುಚ್ಚಿಕೊಂಡಿದ್ದ ಹಳದಿ ಬಿಲ್ಲೆಯನ್ನು ತೋರಿಸುತ್ತಿದ್ದನಂತೆ. ಅದರ ಮೇಲಿದ್ದ ಪದವನ್ನು ಶಾಲಾ ಮೇಷ್ಟರು ಬರೆಯುವಂತಿಲ್ಲ. 'ಶುದ್ಧ ಬೊಗಳೆ' ಎಂದು ಅರ್ಥಮಾಡಿಕೊಳ್ಳಿ.

ಎರಡನೆಯ ನಾಯಕ ಎಡ್ಗರ್ ವಿಲ್ಚರ್. 1917ರಲ್ಲಿ ನ್ಯೂಯಾರ್ಕಿನಲ್ಲಿ ಜನನ. ಓದಿದ್ದು ಕಲೆಯ ಇತಿಹಾಸ! ಯುದ್ಧಕಾಲದಲ್ಲಿ ಸೈನ್ಯ ಸೇರಿ ರೇಡಿಯೋ ಮುಂತಾದ ಉಪಕರಣಗಳ ದುರಸ್ತಿ ಕಲಿತ. ಮರಳಿ ಬಂದು ರೇಡಿಯೋ ಅಂಗಡಿ ತೆರೆದ. ಗಣಿತವನ್ನೂ ಇಂಜಿನಿಯರಿಂಗನ್ನೂ ಬಹುಮಟ್ಟಿಗೆ ತಾನೇ ಓದಿಕೊಂಡು, ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಧ್ವನಿಯ ಮರುಸೃಷ್ಟಿ ಕುರಿತು ಸಂಜೆಯ ತರಗತಿ ನಡೆಸುತ್ತಿದ್ದ. ನಮ್ಮವನೇ, ಮೇಷ್ಟರ ಜಾತಿ. ಅದಕ್ಕೇ ಅವನ ಮೇಲೆ ನನಗೆ ತುಸು ಪಕ್ಷಪಾತ, ಮೊದಲೇ ಹೇಳಿಬಿಡುತ್ತೇನೆ.

ವಿಲ್ಚರ್ ಕಂಡುಕೊಂಡದ್ದು ಇಷ್ಟು. ಸ್ಪೀಕರಿನ ಶಂಕುವನ್ನು ಅದರ ಜಾಗಕ್ಕೆ ಮರಳಿ ಎಳೆಯಲು ಅಂಚಿನ ಗಡಸು ಕಾಗದವೇ ಸ್ಪ್ರಿಂಗಿನಂತೆ ಕೆಲಸ ಮಾಡುತ್ತದೆ. ಈ ಸ್ಪ್ರಿಂಗ್ ಪ್ರಾಮಾಣಿಕವಲ್ಲ; ಸ್ವಲ್ಪ ಎಳೆದರೆ ಒಂದು ತೆರ, ಹೆಚ್ಚು ಎಳೆದರೆ ಇನ್ನೊಂದು ತೆರ. ಮಂದ್ರ ಸ್ವರಗಳಲ್ಲಿ ಶಂಕು ದೂರ ಚಲಿಸಬೇಕಾದಾಗ ಸದ್ದು ಕೆಡುವುದು ಇದರಿಂದಲೇ. ಹಾಗಾದರೆ ಆ ಗಡಸು ಅಂಚನ್ನು ಕಿತ್ತುಹಾಕಿ, ಬಿಗಿಯಾಗಿ ಮುಚ್ಚಿದ ಸಣ್ಣ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗ್ ಮಾಡಿಕೊಂಡರೆ? ಸೈಕಲ್ ಪಂಪಿನ ತೂತನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿಕೆಯನ್ನು ಒತ್ತಿ ಬಿಟ್ಟರೆ ಅದು ಮೇಲಕ್ಕೆ ಚಿಮ್ಮುವುದನ್ನು ತರಗತಿಯಲ್ಲಿ ತೋರಿಸಿದ್ದೆ, ನೆನಪಿದೆಯೇ? ಬಾಯ್ಲನ ನಿಯಮ. ಸಣ್ಣ ಚಲನೆಗಳಿಗೆ ಗಾಳಿಯ ಸ್ಪ್ರಿಂಗ್ ಎಳೆದಷ್ಟೇ ಎಳೆಯುತ್ತದೆ, ಮೋಸವಿಲ್ಲ. ವಿಲ್ಚರ್ ಹಳೆಯ ಸ್ಪೀಕರೊಂದರ ಅಂಚನ್ನು ಕತ್ತರಿಸಿ ತೆಗೆದ. ಅವನ ಪತ್ನಿ ರೋಸ್‌ಮೇರಿ ಹಾಸಿಗೆಗೆ ಬಳಸುವ ಬಟ್ಟೆಯಿಂದ ಮೆತ್ತನೆಯ ಹೊಸ ಅಂಚನ್ನು ರೂಪಿಸಿಕೊಟ್ಟಳು. ಬೀರುವಿನಷ್ಟು ದೊಡ್ಡ ಪೆಟ್ಟಿಗೆಯಿಂದ ಮಾತ್ರ ಬರುತ್ತಿದ್ದ ಮಂದ್ರ, ಎರಡಡಿ ಉದ್ದದ ಡಬ್ಬಿಯಿಂದ ಹೊರಟಿತು.

ಮೊದಲು ಅವನು ಈ ವಿಚಾರವನ್ನು ಇತರ ತಯಾರಕರಿಗೇ ಕೊಡಲು ನೋಡಿದ. ಯಾರೂ ಒಲವು ತೋರಲಿಲ್ಲ. ಆಗ ಅವನ ಸಂಜೆ ತರಗತಿಯಲ್ಲಿ ಕುಳಿತಿದ್ದ ಹೆನ್ರಿ ಕ್ಲಾಸ್ ಎಂಬ ತರುಣ ಮುಂದೆ ಬಂದ. ಗುರುಶಿಷ್ಯರು ಸೇರಿ 1954ರಲ್ಲಿ ಕೇಂಬ್ರಿಜ್ ನಗರದಲ್ಲಿ (ಇದು ಅಮೆರಿಕದ ಮಸಾಚುಸೆಟ್ಸ್ ರಾಜ್ಯದ್ದು) ಅಕೂಸ್ಟಿಕ್ ರಿಸರ್ಚ್ ಕಂಪನಿ ಆರಂಭಿಸಿ, ಎ.ಆರ್-1 ಎಂಬ ಸ್ಪೀಕರನ್ನು ಜನರ ಮುಂದಿಟ್ಟರು.

ಜಗಳ ಹೊತ್ತಿದ್ದು ಇಲ್ಲಿ. ಎರಡೂ ಕಡೆಯ ವಾದ ಗಟ್ಟಿಯಾಗಿತ್ತು.

ಕಹಳೆಯ ಪಕ್ಷದ ವಾದ ಹೀಗೆ: ಸಣ್ಣ ಶಂಕು ದೊಡ್ಡ ಮಂದ್ರವನ್ನು ಹೊರಡಿಸಬೇಕಾದರೆ ಹಿಂದೆ ಮುಂದೆ ಬಹಳ ದೂರ ಓಡಾಡಬೇಕು. ಅದೇ ಶಂಕು ಅದೇ ಹೊತ್ತಿನಲ್ಲಿ ಮೇಲಿನ ಸ್ವರವನ್ನೂ ನುಡಿಸುತ್ತಿರುತ್ತದೆ. ಶಿಳ್ಳೆ ಹಾಕುತ್ತ ರೈಲು ಹತ್ತಿರ ಬಂದಾಗ ಸ್ವರ ಏರುತ್ತದೆ, ದೂರ ಹೋದಾಗ ಇಳಿಯುತ್ತದೆ. ಅದು ಡಾಪ್ಲರ್ ಪರಿಣಾಮ. ಹಾಗೆಯೇ ಮಂದ್ರದ ಉಯ್ಯಾಲೆಯ ಮೇಲೆ ಕುಳಿತ ಮೇಲಿನ ಸ್ವರ ಸೆಕೆಂಡಿಗೆ ನಲವತ್ತು ಬಾರಿ ಏರಿಳಿದು ನಡುಗಬೇಕಲ್ಲವೇ? ಆರ್.ಸಿ.ಎ. ಸಂಸ್ಥೆಯ ಇಂಜಿನಿಯರುಗಳು 1943ರಲ್ಲೇ ಈ ಪ್ರಶ್ನೆ ಎತ್ತಿದ್ದರು. ಕಹಳೆಯಲ್ಲಿ ಶಂಕು ಅಲುಗುವುದೇ ಅತ್ಯಲ್ಪ; ಆದ್ದರಿಂದ ಅದರ ಸದ್ದು ಸ್ವಚ್ಛ ಎಂಬುದು ಕ್ಲಿಪ್ಷ್‌ನ ದೃಢ ನಂಬಿಕೆ. 1960ರ ದಶಕದ ಕೊನೆಯಲ್ಲಿ ಅವನು ಇದನ್ನು ಅಳೆದು ಪ್ರಬಂಧಗಳನ್ನು ಪ್ರಕಟಿಸಿದ.

ಪೆಟ್ಟಿಗೆಯ ಪಕ್ಷದ ಉತ್ತರ ಹೀಗೆ: ಆ ನಡುಕ ಯಂತ್ರಕ್ಕೆ ಕಾಣುತ್ತದೆ ನಿಜ, ಕಿವಿಗೆ ಕೇಳುತ್ತದೆಯೇ? ವಿಲ್ಚರ್ ತನ್ನ ಸಹೋದ್ಯೋಗಿಯಾಗಿದ್ದ ರಾಯ್ ಆಲಿಸನ್ ಜೊತೆ ಸೇರಿ 1982ರಲ್ಲಿ, ಎಂದರೆ ಕಂಪನಿಯನ್ನು ಮಾರಿ ಹದಿನೈದು ವರ್ಷಗಳಾದ ಮೇಲೆ, ಇದಕ್ಕೆ ಪ್ರಬಂಧದ ಮೂಲಕವೇ ಉತ್ತರಿಸಿದ. ಸಾಮಾನ್ಯ ಆಲಿಕೆಯಲ್ಲಿ ಆ ವಿಕಾರ ಕಿವಿಗೆ ನಿಲುಕುವುದಿಲ್ಲ ಎಂಬುದು ಅವರ ನಿರ್ಣಯ. ಗಮನಿಸಿ, ಮಕ್ಕಳೇ: ಅಷ್ಟು ಹೊತ್ತಿಗೆ ಈ ವಾದದಿಂದ ವಿಲ್ಚರನಿಗೆ ಒಂದು ಡಾಲರಿನ ಲಾಭವೂ ಇರಲಿಲ್ಲ. ಆದರೂ ಎದುರಾಳಿಯ ಅಳತೆಗೆ ಬೈಗುಳದಿಂದಲ್ಲ, ಅಳತೆಯಿಂದ ಉತ್ತರ ಕೊಟ್ಟ.

ಹಾಗಾದರೆ ಗೆದ್ದವರು ಯಾರು? ಇದಕ್ಕೆ ಉತ್ತರ ಮೂರನೆಯವನೊಬ್ಬನಿಂದ ಬಂತು. ಕ್ಲಾಸ್ 1957ರಲ್ಲಿ ಗುರುವಿನಿಂದ ಬೇರ್ಪಟ್ಟು ಕೆ.ಎಲ್.ಎಚ್. ಎಂಬ ಕಂಪನಿ ತೆರೆದ. ಅದರ ಎಚ್ ಅಕ್ಷರ ಆಂಟನ್ ಹಾಫ್‌ಮನ್ ಎಂಬವನದು. ಪ್ರಸಿದ್ಧ ಪಿಯಾನೋ ವಾದಕ ಜೋಸೆಫ್ ಹಾಫ್‌ಮನ್‌ನ ಮಗ. ಅವನು ಹೇಳಿದ ನಿಯಮ 'ಹಾಫ್‌ಮನ್ನನ ಉಕ್ಕಿನ ನಿಯಮ' ಎಂದೇ ಹೆಸರಾಗಿದೆ. ಅಜ್ಜಿಕಥೆಯ ಭಾಷೆಯಲ್ಲಿ ಹೇಳುವುದಾದರೆ, ದೇವತೆ ಪ್ರತ್ಯಕ್ಷಳಾಗಿ ಮೂರು ವರಗಳನ್ನು ಮುಂದಿಡುತ್ತಾಳೆ: ಸಣ್ಣ ಪೆಟ್ಟಿಗೆ, ಆಳದ ಮಂದ್ರ, ಕಡಿಮೆ ಶಕ್ತಿಗೆ ಹೆಚ್ಚು ಸದ್ದು. ಎರಡನ್ನು ಕೇಳು, ಕೊಡುತ್ತೇನೆ. ಮೂರನೆಯದನ್ನು ಬಿಡಬೇಕು ಎನ್ನುತ್ತಾಳೆ. ಕ್ಲಿಪ್ಷ್ ಮಂದ್ರವನ್ನೂ ದಕ್ಷತೆಯನ್ನೂ ಬೇಡಿ ಸಣ್ಣ ಪೆಟ್ಟಿಗೆಯನ್ನು ಬಿಟ್ಟ. ವಿಲ್ಚರ್ ಸಣ್ಣ ಪೆಟ್ಟಿಗೆಯನ್ನೂ ಮಂದ್ರವನ್ನೂ ಬೇಡಿ ದಕ್ಷತೆಯನ್ನು ಬಿಟ್ಟ. ಅದೇ ಸದ್ದಿಗೆ ಅವನ ಸ್ಪೀಕರ್ ಕಹಳೆಗಿಂತ ಹತ್ತಾರು ಪಟ್ಟು ಹೆಚ್ಚು ವ್ಯಾಟ್ ಬೇಡುತ್ತಿತ್ತು. ಟೂರಿಂಗ್ ಟಾಕೀಸಿನವನು ಸಣ್ಣ ಗಾತ್ರವನ್ನೂ ದಕ್ಷತೆಯನ್ನೂ ಬೇಡಿ ಮೃದಂಗದ ಎಡಭಾಗವನ್ನು ಬಿಟ್ಟುಕೊಟ್ಟ. ಮೂವರೂ ದಡ್ಡರಲ್ಲ. ಮೂವರೂ ಬೇರೆಬೇರೆ ನಾಣ್ಯದಲ್ಲಿ ಬೆಲೆ ತೆತ್ತವರು.

ಯಾವ ನಾಣ್ಯ ಯಾವಾಗ ಅಗ್ಗ ಎಂಬುದನ್ನು ಕಾಲ ನಿರ್ಧರಿಸುತ್ತದೆ. 1930ರಲ್ಲಿ ವ್ಯಾಟ್ ದುಬಾರಿ, ಕಹಳೆ ಗೆದ್ದಿತು. 1958ರ ಹೊತ್ತಿಗೆ ಸ್ಟೀರಿಯೋ ಗಾನಮುದ್ರಿಕೆಗಳು ಬಂದವು. ಮನೆಗೊಂದಿದ್ದ ಸ್ಪೀಕರ್ ಎರಡಾಗಬೇಕಾಯಿತು. ಎರಡು ಬೀರುಗಳಿಗೆ, ಅದೂ ಎದುರುಗೋಡೆಯ ಎರಡು ಖಾಲಿ ಮೂಲೆಗಳಿಗೆ, ಎಷ್ಟು ಮನೆಗಳಲ್ಲಿ ಸ್ಥಳವಿದ್ದೀತು? 1960ರ ದಶಕದಲ್ಲಿ ಟ್ರಾನ್ಸಿಸ್ಟರ್ ಬಂದು ವ್ಯಾಟ್ ಅಗ್ಗವಾಯಿತು. ವಿಲ್ಚರನ ಪೆಟ್ಟಿಗೆ ಮಾಡಿದ ಸಾಲವನ್ನು ಟ್ರಾನ್ಸಿಸ್ಟರ್ ತೀರಿಸಿತು ಎನ್ನಬಹುದು. ಮನೆಗಳಲ್ಲಿ ಪೆಟ್ಟಿಗೆ ಗೆದ್ದರೆ, ಚಿತ್ರಮಂದಿರ ಮತ್ತು ಮೈದಾನಗಳಲ್ಲಿ ಕಹಳೆ ಉಳಿಯಿತು. ನಮ್ಮ ಜಾತ್ರೆ ಉತ್ಸವಗಳ ಮೈಕ್ ಸೆಟ್ಟಿನವರು ಇಂದಿಗೂ ಕಹಳೆ ಬಿಟ್ಟಿಲ್ಲವೆಂಬುದನ್ನು ಊರಿನಲ್ಲಿ ನಿದ್ದೆಗೆಟ್ಟವರೆಲ್ಲ ಬಲ್ಲರು.

ಬಿಟ್ಟದ್ದು ಯಾವುದೆಂದು ತಿಳಿದು ಬಿಡುವುದರಲ್ಲಿಯೂ ಒಂದು ಘನತೆಯಿದೆ. 1970ರ ದಶಕದಲ್ಲಿ ಬಿಬಿಸಿಯ ಇಂಜಿನಿಯರುಗಳು ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ಇಡಲು ಎಲ್.ಎಸ್.3/5ಎ ಎಂಬ ಪುಟ್ಟ ಸ್ಪೀಕರ್ ರೂಪಿಸಿದರು. ಆಳದ ಮಂದ್ರವನ್ನು ಮೊದಲೇ ಕೈಬಿಟ್ಟು, ಮನುಷ್ಯನ ಮಾತು ಮಾತಿನಂತೆಯೇ ಕೇಳಬೇಕೆಂಬುದೊಂದನ್ನೇ ಹಿಡಿದರು. ಬಿಬಿಸಿಯವರಿಗೆ ಸ್ಪೀಕರ್ ಪರೀಕ್ಷೆಗೆ ಪರಿಚಿತ ಮನುಷ್ಯಕಂಠವೇ ಮುಖ್ಯ ಒರೆಗಲ್ಲು. ಹುಟ್ಟಿದಂದಿನಿಂದ ನಾವು ಹೆಚ್ಚು ಕೇಳಿರುವುದು ಅದನ್ನೇ ತಾನೇ? ಆ ಪುಟ್ಟ ಪೆಟ್ಟಿಗೆಗೆ ಇಂದಿಗೂ ಅಭಿಮಾನಿಗಳಿದ್ದಾರೆ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯಿತು. ಬೆಲೆಯ ಲೆಕ್ಕ ಸರಿ. ಕೇಳಲು ಯಾವುದು ಚೆನ್ನ ಎಂಬುದನ್ನು ಹೇಳುವವರು ಯಾರು? 'ಹಿತ್ತಾಳೆ ಕಿವಿ' ಎಂಬ ಮಾತು ನಮ್ಮಲ್ಲಿದೆ. ಹೇಳಿದ್ದನ್ನೆಲ್ಲ ನಂಬುವ ಕಿವಿ. 1915ರಿಂದ ಸುಮಾರು ಹತ್ತು ವರ್ಷ ಎಡಿಸನ್ ಕಂಪನಿ ಅಮೆರಿಕದ ಊರೂರುಗಳಲ್ಲಿ ಒಂದು ಪ್ರದರ್ಶನ ನಡೆಸಿತು. ವೇದಿಕೆಯ ಮೇಲೆ ಗಾಯಕಿ ಮತ್ತು ಗ್ರಾಮಫೋನು. ದೀಪ ಆರಿಸಿದಾಗ ಹಾಡುತ್ತಿರುವುದು ಯಾರೆಂದು ಸಭಿಕರು ಹೇಳಲಾರದೆ ಹೋದರು. ಗುಟ್ಟೇನೆಂದರೆ, ಗಾಯಕಿಯೇ ತನ್ನ ಕಂಠವನ್ನು ಯಂತ್ರದ ಧ್ವನಿಗೆ ಹೊಂದಿಸಿಕೊಂಡು ಹಾಡುತ್ತಿದ್ದಳು! ಭಾಗವಹಿಸಿದ್ದ ಆನಾ ಕೇಸ್ ಎಂಬ ಗಾಯಕಿಯೇ ಮುಂದೆ ವೃದ್ಧಾಪ್ಯದಲ್ಲಿ ಇದನ್ನು ಹೇಳಿದಳು.

ವಿಲ್ಚರನ ಕಂಪನಿಯೂ ಇಂತಹ ಪ್ರದರ್ಶನ ನಡೆಸಿತು, ಆದರೆ ಎಚ್ಚರದಿಂದ. ಫೈನ್ ಆರ್ಟ್ಸ್ ಕ್ವಾರ್ಟೆಟ್ ಎಂಬ ನಾಲ್ವರು ತಂತಿವಾದ್ಯಗಾರರ ಸಂಗೀತವನ್ನು ಸಭಾಂಗಣದ ಮಾರ್ದನಿ ಸೇರದಂತೆ ಮುದ್ರಿಸಿಕೊಂಡರು. ಸಭೆಯಲ್ಲಿ ಅವರು ನುಡಿಸುತ್ತ ನುಡಿಸುತ್ತ, ನಡುವೆ ಕಮಾನನ್ನು ತಂತಿಗೆ ತಾಗಿಸದೆ ಆಡಿಸುತ್ತಿದ್ದರು. ಆಗ ಸ್ಪೀಕರ್ ನುಡಿಯುತ್ತಿತ್ತು. ಬದಲಾದ ಗಳಿಗೆಯನ್ನು ಗುರುತಿಸಲು ಬಹುಪಾಲು ಕೇಳುಗರು ಸೋತರು. ಜೊತೆಗೆ ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಕಂಪನಿಯ ಸಂಗೀತದ ಕೋಣೆಯೊಂದಿತ್ತು. ಯಾರು ಬೇಕಾದರೂ ಬಂದು ಕುಳಿತು ಕೇಳಬಹುದು. ಅಲ್ಲಿ ಏನನ್ನೂ ಮಾರುತ್ತಿರಲಿಲ್ಲ.

'ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆಯನ್ನು ಅಕ್ಷರಶಃ ನಡೆಸಿದವನು ಕೆನಡಾದ ಫ್ಲಾಯ್ಡ್ ಟೂಲ್. ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿದ್ದಾಗ ಅವನು ಸ್ಪೀಕರುಗಳನ್ನು ಪರದೆಯ ಹಿಂದಿಟ್ಟು, ಸದ್ದಿನ ಮಟ್ಟವನ್ನು ಸಮಮಾಡಿ ಕೇಳಿಸಿದ; 1980ರ ದಶಕದ ನಡುವೆ ಫಲಿತಾಂಶ ಪ್ರಕಟಿಸಿದ. ರುಚಿ ಒಬ್ಬೊಬ್ಬರದು ಒಂದೊಂದು ಎಂದು ನಾವೆಲ್ಲ ನಂಬಿದ್ದೆವಷ್ಟೆ? ಪರದೆ ಬಿದ್ದೊಡನೆ ಬಹುಮಂದಿಯ ಆಯ್ಕೆ ಹತ್ತಿರಹತ್ತಿರ ಬಂತು. ಎಲ್ಲ ಸ್ವರಗಳನ್ನೂ ಸಮನಾಗಿ ನುಡಿಸುವ, ಪಕ್ಕಕ್ಕೂ ಅದೇ ಬಣ್ಣದ ಸದ್ದನ್ನು ಹರಡುವ ಸ್ಪೀಕರ್ ಎಲ್ಲರಿಗೂ ಹಿಡಿಸಿತು. ಮುಂದೆ ಹಾರ್ಮನ್ ಸಂಸ್ಥೆಯಲ್ಲಿ ಶಾನ್ ಆಲಿವ್ ಜೊತೆ 1994ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ ಪರದೆ ಸರಿಸಿ ಕೇಳಿಸಿದಾಗ ಅಂಕಗಳು ಬದಲಾದವು. ದೊಡ್ಡದಾಗಿ, ಬೆಲೆಯುಳ್ಳದ್ದಾಗಿ ಕಂಡದ್ದಕ್ಕೆ ಅಂಕ ಏರಿತು. ಕಿವಿ ಸುಳ್ಳು ಹೇಳಲಿಲ್ಲ. ಕಣ್ಣು ಕಿವಿಯ ಬಾಯಿ ಮುಚ್ಚಿಸಿತು.

ಆದ್ದರಿಂದ ನನ್ನ ಆ ಇಬ್ಬರು ವಿದ್ಯಾರ್ಥಿಗಳಿಗೆ ಉತ್ತರ ಇದು. ಯಾವುದು ಸರಿ ಎಂದು ಕೇಳಬೇಡಿ. ನೀನು ಯಾವ ವರ ಬಿಟ್ಟೆ, ಏಕೆ ಬಿಟ್ಟೆ ಎಂದು ಒಬ್ಬರನ್ನೊಬ್ಬರು ಕೇಳಿ. ಅದನ್ನು ಹೇಳಲಾರದವನು ಇಂಜಿನಿಯರಿಂಗ್ ಮಾಡುತ್ತಿಲ್ಲ, ಭಜನೆ ಮಾಡುತ್ತಿದ್ದಾನೆ. ಆಮೇಲೆ ನಡುವೆ ಒಂದು ಪಂಚೆಯನ್ನು ಇಳಿಬಿಟ್ಟು, ಸದ್ದನ್ನು ಸಮಮಾಡಿ, ಸ್ಪೀಕರಿನ ಗಂಧವೇ ಇಲ್ಲದ ಮನೆಯವರನ್ನು ಕರೆದು ಕೇಳಿಸಿ. ಸ್ನೇಹ ಉಳಿಯುತ್ತದೆ.

ಇನ್ನು ವಿಲ್ಚರನ ಉಳಿದ ಕಥೆ. 1956ರಲ್ಲಿ ಅವನಿಗೆ ಸಿಕ್ಕ ಪೇಟೆಂಟನ್ನು ಎಲೆಕ್ಟ್ರೊ-ವಾಯ್ಸ್ ಎಂಬ ಪ್ರತಿಸ್ಪರ್ಧಿ ಕಂಪನಿ ನ್ಯಾಯಾಲಯದಲ್ಲಿ ಪ್ರಶ್ನಿಸಿತು. ಹ್ಯಾರಿ ಓಲ್ಸನ್ ಎಂಬ ವಿಜ್ಞಾನಿಯ 1949ರ ಪೇಟೆಂಟಿನಲ್ಲಿ ಇದೇ ವಿಚಾರದ ಎಳೆ ಇದ್ದುದರಿಂದ ವಿಲ್ಚರನ ಹಕ್ಕು ಬಿದ್ದುಹೋಯಿತು. ಅವನು ಮೇಲ್ಮನವಿಗೆ ಹೋಗಲಿಲ್ಲ. 1958ರ ಎ.ಆರ್-3 ಸ್ಪೀಕರಿನಲ್ಲಿ ಅವನು ಬಳಸಿದ ಗುಮ್ಮಟದಾಕಾರದ ಪುಟ್ಟ ಟ್ವೀಟರಿಗೆ ಪೇಟೆಂಟನ್ನೇ ಪಡೆಯಲಿಲ್ಲ. ಇಂದು ಲೋಕದ ಎಷ್ಟೋ ಸ್ಪೀಕರುಗಳಲ್ಲಿ ಆ ಗುಮ್ಮಟವಿದೆ. 1967ರಲ್ಲಿ ಕಂಪನಿಯನ್ನು ಮಾರಿ, ವುಡ್‌ಸ್ಟಾಕ್ ಎಂಬ ಊರಿನ ತನ್ನ ಮನೆಯ ಪ್ರಯೋಗಾಲಯದಲ್ಲಿ ಕುಳಿತು ಶ್ರವಣಯಂತ್ರದ ಕಡೆ ತಿರುಗಿದ.

ವಯಸ್ಸಾದವರ ಕಿವಿಯ ತೊಂದರೆ ವಿಚಿತ್ರವಾದದ್ದು. ಮೆಲ್ಲಗಿನ ಸದ್ದು ಕೇಳುವುದಿಲ್ಲ. ಜೋರಾದದ್ದು ಮಾತ್ರ ಎಲ್ಲರಿಗೂ ಕೇಳುವಷ್ಟೇ ಜೋರಾಗಿ ಬಡಿಯುತ್ತದೆ. "ಸ್ವಲ್ಪ ಗಟ್ಟಿಯಾಗಿ ಹೇಳು" ಎನ್ನುತ್ತೇವೆ. ಗಟ್ಟಿಯಾಗಿ ಹೇಳಿದರೆ "ಕಿರುಚಬೇಡ" ಎನ್ನುತ್ತೇವೆ. ಮನೆಮನೆಯಲ್ಲಿ ಮನಸ್ತಾಪಕ್ಕೆ ಇಷ್ಟು ಸಾಕು. ಅದರಲ್ಲೂ ಕ್ಷೀಣಿಸುವುದು ತಾರಸ್ಥಾಯಿ. ಸ, ಶ, ತ, ಕ ಮುಂತಾದ ವ್ಯಂಜನಗಳ ಅಂಚು ಅಳಿಸಿಹೋಗಿ ಸ್ವರಾಕ್ಷರಗಳ ಗುಂಯ್‌ಗುಡುವಿಕೆ ಮಾತ್ರ ಉಳಿಯುತ್ತದೆ. ಹಳೆಯ ಶ್ರವಣಯಂತ್ರಗಳು ಎಲ್ಲವನ್ನೂ ಒಂದೇ ಸಮ ಹಿಗ್ಗಿಸುತ್ತಿದ್ದವು. ವಿಲ್ಚರ್ ಶಬ್ದವನ್ನು ಮೇಲಿನ, ಕೆಳಗಿನ ಪಟ್ಟಿಗಳಾಗಿ ಬೇರ್ಪಡಿಸಿ, ಪ್ರತಿ ಪಟ್ಟಿಯಲ್ಲೂ ಮೆಲ್ಲಗಿನದನ್ನು ಹೆಚ್ಚು, ಜೋರಾದದ್ದನ್ನು ಕಡಿಮೆ ಹಿಗ್ಗಿಸುವ ವಿಧಾನವನ್ನು ರೂಪಿಸಿ 1973ರಲ್ಲಿ ಪ್ರಬಂಧವಾಗಿ ಪ್ರಕಟಿಸಿದ. ಪೇಟೆಂಟ್ ಪಡೆಯದೆ ಎಲ್ಲರಿಗೂ ಬಿಟ್ಟುಕೊಟ್ಟ. ಇಂದಿನ ಬಹುಪಾಲು ಶ್ರವಣಯಂತ್ರಗಳು ನಡೆಯುವುದು ಆ ತತ್ತ್ವದ ಮೇಲೆಯೇ. ಕ್ಲಿಪ್ಷ್ 2002ರಲ್ಲಿ ತೀರಿಕೊಂಡ. ವಿಲ್ಚರ್ 2011ರಲ್ಲಿ, ತನ್ನ 94ನೆಯ ವಯಸ್ಸಿನಲ್ಲಿ.

ಮೂರು ವರ್ಷಗಳಿಂದ ನನ್ನ ಎಡಗಿವಿಯಲ್ಲಿಯೂ ಅಂತಹ ಒಂದು ಪುಟ್ಟ ಯಂತ್ರ ಕುಳಿತಿದೆ. ಹುರುಳಿಕಾಳಿಗಿಂತ ತುಸು ದೊಡ್ಡದಾದ ಧ್ವನಿವರ್ಧಕ ಅದರೊಳಗಿದೆ. ಮೂರು ವರಗಳಲ್ಲಿ ಅದು ಬಿಟ್ಟದ್ದು ಮಂದ್ರವನ್ನು. ಹಿಡಿದದ್ದು ಮೊಮ್ಮಗಳ ಬಾಯಿಯ ಸಕಾರ, ಶಕಾರಗಳನ್ನು. ಮೃದಂಗದ ಎಡಭಾಗವಿಲ್ಲದಿದ್ದರೂ ಈ ವಯಸ್ಸಿಗೆ ಅದು ಒಳ್ಳೆಯ ವ್ಯಾಪಾರವೇ.